ಮಾಮಾನ ಬಾಯಿಗೆ ಬಂದ ಟರ್ಕಿ ಹಾಡು

ನನ್ನ ಮೊಬೈಲಿಗೆ ನಾನು ಟರ್ಕಿ ದೇಶದವಳು ಎಂಬ ನಂಬಿಕೆ ಹುಟ್ಟಿಬಿಟ್ಟಿದೆ. ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತ ಒಂದು ವಚನವನ್ನೋ ಹಳೆಯ ಸಿನಿಮಾ ಹಾಡನ್ನೋ ಹಚ್ಚಿದರೆ, ಅದು ಮುಗಿಯುವುದನ್ನೇ ಕಾಯುತ್ತಿದ್ದವಳ ಹಾಗೆ ಇಸ್ತಾಂಬುಲ್‌ನ ಯಾವಳೋ ಬಂದು ಸೊಂಟ ಕುಣಿಸುತ್ತಾಳೆ. ನೆಲಕ್ಕೆ ಹಾಸುವ ಚಿತ್ತಾರದ ಜಮಖಾನೆ, ನಡು ಸಣ್ಣಗಿರುವ ಚಹಾದ ಗಾಜಿನ ಲೋಟ, ಅಲ್ಲಿಗೆ ಹೋಗುವ ವಿಮಾನದ ಟಿಕೇಟು, ಇವುಗಳ ಜಾಹೀರಾತೆಲ್ಲ ರಾಣೇಬೆನ್ನೂರಿನ ಮೇಡ್ಲೇರಿ ರಸ್ತೆಯ ನನ್ನ ಅಡುಗೆಮನೆಗೇ ಬಂದು ಬೀಳುತ್ತದೆ. ಪಕ್ಕದ ಮನೆಯವರು ಒಮ್ಮೆ ಕಾಂಪೌಂಡಿನ ಮೇಲಿಂದ ಇಣುಕಿ, "ಟೀಚರ್ರ, ರಿಟೈರ್ ಆದಮ್ಯಾಲೆ ಏನೋ ಹೊಸಾದು ಹಚಗೊಂಡೀರಿ ಕಾಣಸ್ತೈತಿ," ಎಂದು ಕೇಳಿದರು. ಪ್ರಾಣಾಯಾಮವೋ ಸಂಸ್ಕೃತವೋ ಎಂದು ಅವರ ಅಂದಾಜು. "ಹೌದ್ರಿ, ಟರ್ಕಿ," ಎಂದೆ. ಅವರ ತಲೆ ಕಾಂಪೌಂಡಿನ ಆಚೆ ಇಳಿದುಹೋಯಿತು.

ಫೋನಿಗೆ ಈ ಹುಚ್ಚು ಹಿಡಿಸಿದ್ದು ನಾನಲ್ಲ, ಬ್ಯಾಡಗಿಯ ಮಾಮಾ.

ಮಾಮಾ ಎಂದರೆ ನನ್ನ ಅಕ್ಕ ಗಿರಿಜೆಯ ಗಂಡ, ಚನ್ನಬಸಪ್ಪ. ಬ್ಯಾಡಗಿ ಮಾರುಕಟ್ಟೆಯಲ್ಲಿ ಅವರದು ಮೆಣಸಿನಕಾಯಿ ದಲಾಲಿ ಅಂಗಡಿ. ರೈತರು ತಂದ ಚೀಲಗಳನ್ನು ಅಂಗಡಿಯ ಮುಂದೆ ಇಳಿಸಿಕೊಂಡು, ಕೊಳ್ಳುವವರಿಗೆ ತೋರಿಸಿ, ಒಳ್ಳೆಯ ದರ ಬರುವ ಹಾಗೆ ನೋಡಿಕೊಳ್ಳುವ ಕೆಲಸ. ಅದಕ್ಕೆ ಬೇಕಾದ್ದು ಕಣ್ಣು, ಮೂಗು ಮತ್ತು ಗಂಟಲು. ಮೊದಲೆರಡು ಎಲ್ಲ ದಲಾಲರಿಗೂ ಇರುತ್ತವೆ. ಮಾಮಾನ ಗಂಟಲು ಮಾತ್ರ ಬೇರೆಯೇ. ದರವನ್ನು ಕಂಪ್ಯೂಟರಿನಲ್ಲಿ ಹಾಕುವ ಪದ್ಧತಿ ಬರುವ ಮೊದಲು, ಬಾಯಿಂದ ಸವಾಲು ಕೂಗುವ ಕಾಲದಲ್ಲಿ, ಅವರ ದನಿ ರೈಲ್ವೆ ಸ್ಟೇಷನ್ನಿಗೂ ಕೇಳುತ್ತಿತ್ತು ಎಂದು ಅಕ್ಕ ಹೇಳುವಳು. ಅದು ಹೆಮ್ಮೆಯೋ ದೂರೋ ನನಗೆ ಇವತ್ತಿಗೂ ತಿಳಿದಿಲ್ಲ.

ಅಕ್ಕನ ಮದುವೆಯಾದಾಗ ನಾನಿನ್ನೂ ಲಂಗ ಹಾಕುತ್ತಿದ್ದೆ. ನಮ್ಮದು ಹಾವೇರಿ. ರಜೆಯಲ್ಲಿ ಬ್ಯಾಡಗಿಗೆ ಹೋದರೆ ಬಸ್ಸಿನಿಂದ ಇಳಿದ ಗಳಿಗೆಯಿಂದ ಸೀನು. ಊರಿನವರಿಗೆ ಮೆಣಸಿನಕಾಯಿಯ ಘಾಟು ಹತ್ತುವುದೇ ಇಲ್ಲ. ಮಲ್ಲಿಗೆ ಮೂಸಿದವರಂತೆ ಆರಾಮವಾಗಿ ಓಡಾಡುತ್ತಾರೆ. ನಾನು ಸೀನುತ್ತ, ಮೂಗೊರೆಸುತ್ತ, ಕಣ್ಣೀರು ಸುರಿಸುತ್ತ ಓಣಿಯಲ್ಲಿ ನಡೆದು ಬಂದರೆ ಮಾಮಾ ಅಂಗಡಿಯಿಂದಲೇ, "ಏ, ಹಾವೇರಿ ಗಾಡಿ ಬಂತು ನೋಡ್ರಪಾ! ಸೀಟಿ ಹೊಡಕೋತ ಬಂತು!" ಎಂದು ಕೂಗುತ್ತಿದ್ದರು. ಇಡೀ ಪೇಟೆ ತಿರುಗಿ ನೋಡುತ್ತಿತ್ತು. ನನಗೆ ಸಿಟ್ಟು ಬಂದು ಇನ್ನೂ ಎರಡು ಸೀನು ಹೆಚ್ಚು ಬರುತ್ತಿದ್ದವು.

ಹಾಡಿನ ವಿಷಯಕ್ಕೆ ಬರುವ ಮೊದಲು ಇನ್ನೊಂದು ಮಾತು. ಅರ್ಥ ಗೊತ್ತಿಲ್ಲದ ಹಾಡುಗಳನ್ನು ಹಾಡುವುದರಲ್ಲಿ ನಮ್ಮ ಮನೆತನಕ್ಕೆ ಒಳ್ಳೆಯ ಅನುಭವವಿದೆ. ಹಾವೇರಿಯ ಮನೆಯಲ್ಲಿ ಪಡಸಾಲೆಯ ಗೂಡಿನೊಳಗೆ ಒಂದು ರೇಡಿಯೋ ಇತ್ತು. ಅದರಲ್ಲಿ ಬರುತ್ತಿದ್ದ ಹಿಂದಿ ಹಾಡುಗಳನ್ನು ನಾನೂ ಅಕ್ಕನೂ ಕನ್ನಡದ ಕಿವಿಯಿಂದ ಕೇಳಿ, ಕನ್ನಡದ ಬಾಯಿಂದ ಹಾಡುತ್ತಿದ್ದೆವು. ಒಂದು ಹಾಡಿನಲ್ಲಿ ನಾಯಕ ನಾಯಕಿಯ ಬದನೆಕಾಯಿಯನ್ನು ಹೊಗಳುತ್ತಾನೆ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಹಿಂದಿ ಕಲಿತ ಮೇಲೆ ಅವನು ಹೊಗಳಿದ 'ಬದನ್' ಎಂದರೆ ಅವಳ ಮೈ ಎಂದು ಗೊತ್ತಾಗಿ, ಅಪ್ಪನ ಮುಂದೆ ಅದನ್ನು ಹಾಡಿದ್ದನ್ನು ನೆನೆದು ಮೈಯೆಲ್ಲ ಬೆವರಿತು. ಅರ್ಥ ಗೊತ್ತಿಲ್ಲದಿದ್ದಾಗ ನಾನು ಎಷ್ಟು ಚೆನ್ನಾಗಿ ಹಾಡುತ್ತಿದ್ದೆನೆಂದರೆ, ಅಪ್ಪನೇ "ಇನ್ನೊಂದ್ಸಲ ಹಾಡವ್ವಾ" ಎನ್ನುತ್ತಿದ್ದ.

ಹೋದ ವರ್ಷ, ಮೆಣಸಿನಕಾಯಿ ಸುಗ್ಗಿಯ ನಟ್ಟನಡುವೆ, ಮಾಮಾನಿಗೆ ಲಕ್ವ ಹೊಡೆಯಿತು. ಅಂಗಡಿಯಲ್ಲಿ ಯಾರಿಗೋ ಏನೋ ಹೇಳಲು ಹೋದವರು ಅರ್ಧಕ್ಕೆ ನಿಂತು, ಹಾಗೇ ಗಾದಿಯ ಮೇಲೆ ಒರಗಿದರಂತೆ. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಸೋತಿತ್ತು, ಬಲಗಾಲು ಎಳೆಯುತ್ತಿತ್ತು. ಅವೆರಡೂ ನಿಧಾನವಾಗಿ ಸುಧಾರಿಸಿದವು. ಮಾತು ಮಾತ್ರ ಹೋಯಿತು. ಅಂಥ ಗಂಟಲಿನಲ್ಲಿ ಉಳಿದದ್ದು ಒಂದೇ ಶಬ್ದ: "ಚೀಲಾ."

ಚಹಾ ಬೇಕಾದರೂ ಚೀಲಾ. ಫ್ಯಾನು ಬೇಕಾದರೂ ಚೀಲಾ. ಮಗಳು ಸುಧಾ ಎದುರಿಗೆ ಬಂದರೂ ಕಣ್ಣರಳಿಸಿ "ಚೀಲಾ!" ಒಳಗೆ ಎಲ್ಲವೂ ತಿಳಿಯುತ್ತಿತ್ತು, ಅದೇ ಕಷ್ಟ. ಬಾಯಿಂದ ಬಿದ್ದ ಶಬ್ದ ತಾನು ಅಂದುಕೊಂಡದ್ದಲ್ಲ ಎಂದು ಅವರಿಗೇ ಮೊದಲು ಗೊತ್ತಾಗುತ್ತಿತ್ತು. ಹೂಂ, ಉಹೂಂಗಳೂ ಅದಲುಬದಲಾಗಿದ್ದವು. "ಚಹಾ ಬೇಕೇನ್ರಿ?" ಎಂದು ಅಕ್ಕ ಕೇಳಿದರೆ ತಲೆಯನ್ನು ಅಡ್ಡ ಆಡಿಸುವರು. ಅಕ್ಕ ಕಪ್ಪು ತೆಗೆದುಕೊಂಡು ಒಳಗೆ ಹೋದರೆ ಹೆಗಲ ಮೇಲಿನ ಟವೆಲ್ ಕಿತ್ತು ನೆಲಕ್ಕೆ ಬಡಿಯುವರು. ಮದುವೆಯಾದಾಗಿನಿಂದ ಗಂಡನ ದನಿ ತಗ್ಗಿಸಲು ಹೆಣಗಿದ್ದ ಅಕ್ಕ ಈಗ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, "ಶಾಂತಾ, ಮನ್ಯಾಗ ಗಡಿಯಾರದ ಸಪ್ಪಳ ಕೇಳಾಕತ್ತೈತಿ ನೋಡು," ಎಂದು ಅತ್ತಳು.

ಅಕ್ಕನಿಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು ಸುಧಾ, ಎಂ.ಕಾಂ. ಓದಿದವಳು. ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಳು. ಅಪ್ಪ ಹಾಸಿಗೆ ಹಿಡಿದಾಗ ಪುಸ್ತಕ ಮಡಚಿಟ್ಟು, ಯಾರನ್ನೂ ಕೇಳದೆ, ಅಂಗಡಿಗೆ ಹೋಗಿ ಗಾದಿಯ ಮೇಲೆ ಕುಳಿತುಬಿಟ್ಟಳು. ರೈತರು ಮೊದಲು ಹೊರಗೇ ನಿಂತು ಮುಖ ಮುಖ ನೋಡಿಕೊಂಡರಂತೆ. ಅವಳು ಒಂದು ಚೀಲದಿಂದ ಮುಷ್ಟಿ ಕಾಯಿ ತೆಗೆದು ಮೂಸಿ, "ಇದನ್ನ ನೀರ್ ಹೊಡದು ತಂದೀರಿ. ಇವತ್ತ ಬ್ಯಾಡ, ಒಣಗಿಸಿಕೊಂಡು ಬರ್ರಿ," ಎಂದಳಂತೆ. ಅದು ಚನ್ನಬಸಪ್ಪನವರ ಮೂಗೇ ಎಂದು ಎಲ್ಲರಿಗೂ ಗೊತ್ತಾಯಿತು. ಒಳಗೆ ಬಂದು ಕುಳಿತರು.

ಆ ದಿನಗಳಲ್ಲಿ ನಾನು ಬ್ಯಾಡಗಿಯಲ್ಲೇ ಉಳಿದೆ. ವಾರಕ್ಕೊಮ್ಮೆ ಮಾಮಾನನ್ನು ಹಾವೇರಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ಮಾತಿನ ತರಬೇತಿ ಕೊಡುವ ಒಬ್ಬ ಹುಡುಗಿ ಡಾಕ್ಟರು ಇದ್ದರು. ಅವರು ಮಾಮಾನ ಮುಂದೆ ಕುಳಿತು, ಚಿತ್ರ ತೋರಿಸಿ, ಕೊನೆಗೆ ನನಗೆ ಹೇಳಿದರು: "ಮಾತಿನ ಮನಿಗೆ ಕೀಲಿ ಬಿದ್ದೈತ್ರಿ. ಹಾಡಿನ ಮನಿ ಬ್ಯಾರೆ, ಅದರ ಬಾಗಲಾ ತೆರದಿರತೈತಿ. ಮನ್ಯಾಗ ಹಾಡಸ್ರಿ. ಹಾಡಿನ ಬೆನ್ನಿಗೆ ಬಿದ್ದು ಮಾತೂ ಹೊರಗ ಬರಬಹುದು."

ಸರಿ, ಮನೆಯಲ್ಲಿ ಹಾಡು ಶುರುವಾಯಿತು. ಅಕ್ಕ ವಚನ ಹಿಡಿದಳು. ನಾನು ಭಾವಗೀತೆ ಹಾಡಿದೆ. ಮಾಮಾ ನನ್ನನ್ನು ಕರುಣೆಯಿಂದ ನೋಡಿದರು. ವಚನಕ್ಕೆ ಮಾತ್ರ ತುಟಿ ಅಲುಗಿತು. ಎರಡು ಶಬ್ದ ಸರಿಯಾಗಿ ಬಂದವು. ಕೊನೆಯಲ್ಲಿ, ದೇವರ ಅಂಕಿತ ಬರಬೇಕಾದಲ್ಲಿ, "ಚೀಲಾ" ಎಂದು ಬಂತು. ಮಾಮಾ ಬಾಯಿ ಮುಚ್ಚಿ ಗೋಡೆಯ ಕಡೆ ಹೊರಳಿ ಮಲಗಿದರು. ಗೊತ್ತಿದ್ದ ಹಾಡುಗಳಿಗೆಲ್ಲ ಇದೇ ಗತಿಯಾಯಿತು. ಪ್ರತಿ ಹಾಡಿನಲ್ಲೂ ಅವರಿಗೆ ಗೊತ್ತಿದ್ದ ಮಾತುಗಳಿದ್ದವು, ಪ್ರತಿ ಮಾತಿನಲ್ಲೂ ತಪ್ಪುವ ಭಯವಿತ್ತು.

ಆ ಹೊತ್ತಿಗೆ ನನ್ನ ಗೆಳತಿ ವಿಮಲಾ ಟರ್ಕಿಗೆ ಪ್ರವಾಸ ಹೋಗಿದ್ದಳು. ನಮ್ಮ ಶಾಲೆಯಲ್ಲೇ ಗಣಿತ ಕಲಿಸುತ್ತಿದ್ದವಳು. ಅಲ್ಲಿಂದ ನಿತ್ಯ ಫೋಟೋ ಕಳಿಸುವಳು: ಮಸೀದಿಯ ಮುಂದೆ ವಿಮಲಾ, ಸಮುದ್ರದ ಮುಂದೆ ವಿಮಲಾ. ಒಂದು ದಿನ ಹಾಡಿನ ವಿಡಿಯೋ ಬಂತು. ಕೆಳಗೆ, "ನಮ್ಮ ಬಸ್ಸಿನ ಗೈಡ್ ದಿನಾ ಹಚ್ಚತಾನ. ದೇಶ ದೇಶದವರು ಸೇರಿ ಹಾಡಿನ ಸ್ಪರ್ಧೆ ಮಾಡತಾರಂತ. ಹಿಂದಕ ಅದರಾಗ ಇವರ ಈ ಹಾಡು ಗೆದ್ದಿತ್ತಂತ," ಎಂದು ಬರೆದಿದ್ದಳು. ನಾನು ಆಗ ಬ್ಯಾಡಗಿಯ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದೆ. ಒದ್ದೆ ಬೆರಳಿನಿಂದಲೇ ಒತ್ತಿದೆ.

ಡೋಲು, ಪಿಟೀಲು, ಅವುಗಳ ನಡುವೆ ಒಂದು ಹೆಣ್ಣುದನಿ. ಮದುವೆಯ ಮೆರವಣಿಗೆ ಓಣಿ ಹೊಕ್ಕಂತಾಯಿತು. ಅಕ್ಕ, "ಏನ ಗದ್ಲಾ ಹಚ್ಚೀಯವ್ವಾ, ಬಂದ್ ಮಾಡು," ಎಂದಳು. ಬಂದ್ ಮಾಡಲು ಹೋದವಳು ಮಾಮಾನ ಕಡೆ ನೋಡಿದೆ. ಅವರ ಎಡಗೈ ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಿತ್ತು. ಹಾಡು ಮುಗಿಯಿತು. ಮಾಮಾ ಫೋನಿನ ಕಡೆ ಗದ್ದ ಎತ್ತಿ, "ಚೀಲಾ," ಎಂದರು. ಆ ಚೀಲಾಕ್ಕೆ ಅರ್ಥ ಹೇಳುವವರು ಬೇಕಾಗಿರಲಿಲ್ಲ. ಮತ್ತೆ ಹಚ್ಚಿದೆ.

ಮರುದಿನ ಅವರು ಹಾಡಿದರು. ಏನು ಹಾಡಿದರು ಎಂದು ಕೇಳಬೇಡಿ. "ಎರ್ರ ಬರ್ರ ದೀನಾ" ಎಂಬಂಥ ಏನೋ ಒಂದು. ಆದರೆ ದನಿ ಬಂತು, ರಾಗ ತಪ್ಪದೆ ಬಂತು, ನಡುವೆ ಒಂದೇ ಒಂದು ಚೀಲ ಕೂಡ ಬರಲಿಲ್ಲ. ಅಲ್ಲಿ ಅವರಿಗೆ ಗೊತ್ತಿದ್ದ ಮಾತೇ ಇರಲಿಲ್ಲ, ಹಾಗಾಗಿ ತಪ್ಪುವುದಕ್ಕೂ ಏನೂ ಇರಲಿಲ್ಲ. ಅಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತಳು. ಗಂಡ ಯಾವಳೋ ಪರದೇಶದವಳ ಪ್ರೇಮಗೀತೆಯನ್ನು ಹಾಡುತ್ತಿರುವುದನ್ನು ಬಾಯ್ತೆರೆದು ಕೇಳಿದಳು.

ಹುಡುಕುತ್ತ ಹೋದಾಗ ಆ ಸ್ಪರ್ಧೆಯ ಫಲಿತಾಂಶದ ವಿಡಿಯೋ ಕೂಡ ಸಿಕ್ಕಿತು. ಒಂದೊಂದು ದೇಶದಿಂದ ಒಬ್ಬೊಬ್ಬರು ತೆರೆಯ ಮೇಲೆ ಬಂದು, ಇಂಥವರಿಗೆ ಇಷ್ಟು ಅಂಕ ಎಂದು ಸಾರುತ್ತಾರೆ. ಪಟ್ಟಿಯಲ್ಲಿ ಹೆಸರುಗಳು ಏರುತ್ತವೆ, ಇಳಿಯುತ್ತವೆ. ಮಾಮಾನಿಗೆ ಇದರ ರುಚಿ ಎಷ್ಟು ಹತ್ತಿತೆಂದರೆ, ಮಾರುಕಟ್ಟೆಯಲ್ಲಿ ದರ ಹೊರಬೀಳುವ ಹೊತ್ತಿಗೆ ಸರಿಯಾಗಿ, ಮಧ್ಯಾಹ್ನದ ಊಟ ಮುಗಿಸಿ, ನನ್ನ ಫೋನಿನಲ್ಲಿ ಅದನ್ನೇ ಹಚ್ಚಿಸಿಕೊಂಡು ಕೂರುವರು. ಅಂಕ ಬಂದಾಗಲೆಲ್ಲ ಎಡಗೈ ಬೆರಳು ಎತ್ತುವರು. ಬೇರೆ ದೇಶ ಮುಂದೆ ಹೋದರೆ ಹುಬ್ಬು ಗಂಟಿಕ್ಕುವರು. ಟರ್ಕಿ ಕೊನೆಯಲ್ಲಿ ಕೂದಲೆಳೆಯಷ್ಟರಲ್ಲಿ ಗೆಲ್ಲುತ್ತದೆ. ನಿನ್ನೆಯೂ ಗೆದ್ದಿತ್ತು, ಮೊನ್ನೆಯೂ ಗೆದ್ದಿತ್ತು. ಆದರೂ ಆ ಗಳಿಗೆ ಬಂದಾಗ ಮಂಚದ ಅಂಚು ಗಟ್ಟಿಯಾಗಿ ಹಿಡಿದುಕೊಳ್ಳುವರು. ಗೆದ್ದ ಮೇಲೆ ಅಕ್ಕನನ್ನೂ ನನ್ನನ್ನೂ ನೋಡುವ ರೀತಿ ನೋಡಿದರೆ, ಮಾಲು ಅವರ ಅಂಗಡಿಯದೇ ಎನ್ನಬೇಕು.

ಈಗ ನನ್ನ ಮರ್ಯಾದೆಯ ವಿಷಯ. ಹಾಡಿನ ಅರ್ಥ ತಿಳಿದುಕೊಳ್ಳೋಣ ಎಂದು, ಊರಿಗೆ ಮರಳಿದ ವಿಮಲಾಗೆ ಫೋನ್ ಮಾಡಿ, "ಅದರ ಟರ್ಕಿ ಮಾತಿಗೆ ಅರ್ಥ ಏನಂತ ಆ ಗೈಡ್ ಏನರ ಹೇಳಿದ್ನೇನು?" ಎಂದು ಕೇಳಿದೆ. ಸ್ಪೀಕರ್ ಹಚ್ಚಿದ್ದೆ. ಮಾಮಾನೂ ಅಕ್ಕನೂ ಕೇಳುತ್ತಿದ್ದರು. ಆ ಕಡೆಯಿಂದ ವಿಮಲಾ ತಿರುಗಿ ನನ್ನನ್ನೇ ಕೇಳಿದಳು:

"ಶಾಂತಾ, ನೀ ಇಷ್ಟು ವರ್ಷ ಸಾಲ್ಯಾಗ ಏನ್ ಕಲಸ್ತಿದ್ದಿ?"

"ಯಾಕ? ಇಂಗ್ಲಿಷ್."

"ಆ ಹಾಡೂ ಇಂಗ್ಲಿಷೇ ಐತೇಳ ತಾಯಿ!"

ಹಚ್ಚಿದ ಗೈಡ್ ಟರ್ಕಿಯವನು, ಹಾಡಿದವಳು ಟರ್ಕಿಯವಳು, ಡೋಲು ಟರ್ಕಿಯದು. ಮಾತು ಮಾತ್ರ ಇಂಗ್ಲಿಷಿನದಂತೆ. ದಿನಕ್ಕೆ ಹತ್ತು ಸಲದಂತೆ ಇಷ್ಟು ದಿನ ಕೇಳಿಯೂ ನನ್ನ ಕಿವಿಗೆ ಹತ್ತಿರಲಿಲ್ಲ. ನಾನು ಹಣೆ ಬಡಿದುಕೊಳ್ಳುವಷ್ಟರಲ್ಲಿ ಪಕ್ಕದಿಂದ ಒಂದು ಸದ್ದು ಬಂತು. ಮಾಮಾ ನಗುತ್ತಿದ್ದರು. ಹೊಟ್ಟೆ ಕುಣಿಸಿ, ಕಣ್ಣಲ್ಲಿ ನೀರು ಬರುವ ಹಾಗೆ, ನನ್ನ ಕಡೆ ಬೆರಳು ತೋರಿಸಿ ನಗುತ್ತಿದ್ದರು. ಲಕ್ವ ಹೊಡೆದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಅಂಥ ನಗು ಸಿಗುವುದಾದರೆ ನನ್ನ ಬಿ.ಇಡಿ. ಪದವಿಯನ್ನೂ ಬೇಕಾದರೆ ಮರಳಿ ಕೊಡುತ್ತಿದ್ದೆ. ಆಮೇಲೆ ಗಮನವಿಟ್ಟು ಕೇಳಿದೆ. ಹೌದು, ಇಂಗ್ಲಿಷೇ. ಮಾಮಾ ಹಾಡುತ್ತಿದ್ದದ್ದು ಆ ಇಂಗ್ಲಿಷೂ ಅಲ್ಲ, ಟರ್ಕಿಯೂ ಅಲ್ಲ. ಕೆಂಪು ಪೆನ್ನು ಹಿಡಿದ ಕೈ ತುರಿಸಿತು. ತುರಿಕೆಯನ್ನು ನುಂಗಿಕೊಂಡು ಅವರ ಜೊತೆ "ಎರ್ರ ಬರ್ರ ದೀನಾ" ಎಂದೇ ಹಾಡಿದೆ.

ಹಾವೇರಿಯ ಡಾಕ್ಟರು ಇದನ್ನು ಕೇಳಿ ಖುಷಿಪಟ್ಟರು. "ಇನ್ನ ಅದ ರಾಗದಾಗ ನಿಮ್ಮ ಮಾತು ತುಂಬ್ರಿ," ಎಂದರು. ಮನೆಯಲ್ಲಿ ನಾವು ಮೂವರು ಹೆಂಗಸರು ಅದೇ ರಾಗದಲ್ಲಿ "ಚಹಾ ಬೇಕು, ಚಹಾ ಬೇಕು" ಎಂದು ಹಾಡುತ್ತ ಕುಳಿತೆವು. ಹೊರಗಿನಿಂದ ಕೇಳಿದವರು ಏನಂದುಕೊಂಡರೋ. ಬಹಳ ದಿನಗಳ ಮೇಲೆ ಮಾಮಾ "ಚಹಾ" ಎಂಬಲ್ಲಿಗೆ ಬಂದು ಮುಟ್ಟಿದರು. "ಬೇಕು" ಬರಲಿಲ್ಲ. ಅದಕ್ಕಿಂತ ಮುಂದೆ ಗಾಡಿ ಹೋಗಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಮಾಮಾನ ಅಣ್ಣ ಶಿವಪ್ಪನವರು ಐರಣಿಯಿಂದ ಬಂದರು. ಹೊಳೆದಂಡೆಯಲ್ಲಿ ಹೊಲ ಮಾಡಿಕೊಂಡು ಇದ್ದವರು, ಕೆಟ್ಟವರಲ್ಲ. ತಮ್ಮನ ಪಕ್ಕ ಕುಳಿತು ಅವರ ಸೋತ ಕೈಯನ್ನು ಬಹಳ ಹೊತ್ತು ನೀವಿದರು. ಆಮೇಲೆ ವಿಷಯ ತೆಗೆದರು. ಅಂಗಡಿಯನ್ನು ಹಿಂದಿನ ಓಣಿಯ ಇನ್ನೊಬ್ಬ ದಲಾಲರು ವಹಿಸಿಕೊಳ್ಳಲು ತಯಾರಿದ್ದಾರೆ, ಈ ಸುಗ್ಗಿಯಲ್ಲೇ ಕೊಟ್ಟುಬಿಡೋಣ, ಸುಧಾಳಿಗೆ ಒಂದು ಗಂಡು ನೋಡೋಣ ಎಂದರು.

"ಆಕಿ ಶಾಣ್ಯಾ ಅದಾಳ, ನಾ ಇಲ್ಲ ಅನ್ನೂದಿಲ್ಲ. ಆದ್ರ ಅದು ಗಂಡಸರ ಪ್ಯಾಟಿ. ನಾಳೆ ಯಾರರ ಒಂದು ಮಾತು ಅಂದ್ರ, ತಿರುಗಿ ಅನ್ನಾಕ ಹಿಂದ ಅಪ್ಪನ ದನಿ ಇಲ್ಲ."

ಸುಧಾ ಬಾಗಿಲಲ್ಲಿ ನಿಂತಿದ್ದಳು. "ದೊಡ್ಡಪ್ಪ, ಇಷ್ಟು ದಿನಾ ನಡಸೇನಲ್ರಿ?"

"ನಿನ್ನ ಕೇಳಾಕತ್ತಿಲ್ಲವ್ವಾ. ಅಂಗಡಿ ಅವಂದು, ಅವನ್ನ ಕೇಳ್ತೀನಿ." ಅವರು ತಮ್ಮನ ಕಡೆ ತಿರುಗಿದರು. "ತಮ್ಮಾ, ಅಂಗಡಿ ಕೊಟ್ಟಬಿಡೂಣೇನು?"

ಮಾಮಾ ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ಹೂಂ.

"ನೋಡಿದ್ರ್ಯಾ? ಒಪ್ಪಿದ."

"ಅಪ್ಪಾ ಹೂಂ ಅಂದ್ರ ಹೂಂ ಅಲ್ರಿ ದೊಡ್ಡಪ್ಪ!" ಸುಧಾ ಹೊಸ್ತಿಲು ದಾಟಿ ಒಳಗೆ ಬಂದಳು. "ಅವ್ರದು ಉಲ್ಟಾ ಆಗೈತಿ."

"ಹಂಗಾರ ಯಾವಾಗ ಉಲ್ಟಾ, ಯಾವಾಗ ಸುಲ್ಟಾ? ನಿನಗ ಬೇಕಾದ್ಹಂಗ ತಿಳಕೊಳ್ಳೂದೇನು?"

ಆ ಮಾತಿನಲ್ಲಿ ತಪ್ಪಿರಲಿಲ್ಲ. ಅವರು ಮತ್ತೆ ಕೇಳಿದರು. ಈ ಸಲ ಮಾಮಾ ತಲೆ ಅಡ್ಡ ಆಡಿಸಿದರು, ತಾವೇ ಗಾಬರಿಯಾಗಿ ಮತ್ತೆ ಉದ್ದ ಆಡಿಸಿದರು. ಮುಖ ಕೆಂಪಾಯಿತು. "ಚೀಲಾ," ಎಂದರು. "ಚೀಲಾ, ಚೀಲಾ!" ಶಿವಪ್ಪನವರು ಕಣ್ಣು ತಗ್ಗಿಸಿದರು. ತಮ್ಮನನ್ನು ಹಾಗೆ ನೋಡುವುದು ಅವರಿಗೂ ಆಗಲಿಲ್ಲ. "ಬಿಡು ತಮ್ಮಾ, ತ್ರಾಸ ಮಾಡ್ಕೋಬ್ಯಾಡ. ನಾ ನೋಡ್ಕೋತೀನಿ," ಎಂದು ಏಳಲು ನೋಡಿದರು.

ಮಾಮಾ ಎಡಗೈಯಿಂದ ಅಣ್ಣನ ಅಂಗಿಯ ತೋಳನ್ನು ಹಿಡಿದುಕೊಂಡರು. ಕೂರಿಸಿದರು. ಆಮೇಲೆ ಆ ಕೈ ಮಂಚದ ಪಟ್ಟಿಯ ಮೇಲೆ ಬಡಿಯತೊಡಗಿತು. ಅಕ್ಕ ಸಣ್ಣಗೆ, "ಅಯ್ಯ, ಈಗ ಹಾಡು ಬ್ಯಾಡ್ರಿ," ಎಂದಳು. ಮಾಮಾ ಕೇಳಲಿಲ್ಲ. ಎರ್ರ ಬರ್ರ ದೀನಾ. ಶಿವಪ್ಪನವರು ತಮ್ಮನ ತಲೆಯೂ ಕೆಟ್ಟಿತೆಂದು ತಿಳಿದು ನನ್ನ ಕಡೆ ನೋಡಿದರು. ಎರಡು ಸಾಲು ಹಾಗೇ ಹೋಯಿತು. ಮೂರನೆಯ ಸಾಲಿನಲ್ಲಿ, ರಾಗ ಮೇಲಕ್ಕೆ ಏರುವ ಜಾಗದಲ್ಲಿ, ಅವರು ಕಣ್ಣು ಮುಚ್ಚಿದರು.

"ಅಂಗಡೀ... ಅಂಗಡೀ... ಸುಧಾ..."

ಕೈ ಬಡಿಯುತ್ತಲೇ ಇತ್ತು.

"ಅಂಗಡಿ... ನಮ್ಮ... ಸುಧಾಂದು."

ಸುಧಾ ಕಣ್ಣೊರೆಸಲು ಚೂಡಿದಾರದ ವೇಲಿಗೆ ಕೈ ಹಾಕಿದಳು. ಅದು ಕೈಗೆ ಸಿಕ್ಕಲಿಲ್ಲ, ಅಂಗೈಯಿಂದಲೇ ಮುಖ ಮುಚ್ಚಿಕೊಂಡಳು. ಶಿವಪ್ಪನವರು ಕನ್ನಡಕ ತೆಗೆದರು. ಒರೆಸಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದುಕೊಂಡರು.

"ಇನ್ನೊಮ್ಮೆ ಅನ್ನು ತಮ್ಮಾ," ಎಂದರು.

ಮಾಮಾ ಇನ್ನೊಮ್ಮೆ ಅಂದರು. ಈ ಸಲ ಹಳೆಯ ಗಂಟಲು ಬಂತು. ಓಣಿಯಲ್ಲಿ ಸೈಕಲ್ ಹೊಡೆಯುತ್ತಿದ್ದವರು ಕಾಲು ಊರಿ ನಿಂತದ್ದು ಕಿಟಕಿಯಿಂದ ಕಂಡಿತು. ಶಿವಪ್ಪನವರು ಕನ್ನಡಕ ಹಾಕಿಕೊಂಡರು.

"ಆತು ಬಿಡು. ಊರಿಗೇ ಕೇಳಿಸ್ತು. ಇನ್ನ ನಾ ಏನ್ ಹೇಳ್ಲಿ?" ಸುಧಾಳ ಕಡೆ ತಿರುಗಿ, "ಸುಗ್ಗಿ ಮುಗಿಯೂತನಾ ನಾ ಬಂದು ಬಾಜೂಕ ಕುಂದರ್ತೀನವಾ," ಎಂದರು.

"ಬರ್ರಿ ದೊಡ್ಡಪ್ಪ. ಚಹಾ ಕುಡಿಯಾಕ ಬರ್ರಿ," ಎಂದಳು ಸುಧಾ. ಗಾದಿಯ ಮೇಲೆ ಕೂರಲು ಕರೆಯಲಿಲ್ಲ; ಅಳುವಿನ ನಡುವೆಯೂ ಅಷ್ಟು ಲೆಕ್ಕ ಅವಳಿಗಿತ್ತು. ಶಿವಪ್ಪನವರು ನಕ್ಕುಬಿಟ್ಟರು.

ಆಮೇಲೆ ಎಲ್ಲ ಮಾತೂ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವು ಬಂದವು, ಕೆಲವು ಇನ್ನೂ ಬಂದಿಲ್ಲ, ಕೆಲವು ಬಂದು ಮರುದಿನ ಕಾಣೆಯಾದವು. ಬಂದದ್ದೆಲ್ಲ ಅದೇ ರಾಗದಲ್ಲಿ ಬರುತ್ತದೆ. ಬನಿಯನ್, ಫ್ಯಾನು, ಸಾಕು, ಲಗೂ. ಬೆಳಿಗ್ಗೆ ಒಂದು ತಾಸು ಅಂಗಡಿಯಲ್ಲಿ ಮಗಳ ಪಕ್ಕ ಕುಳಿತು, ಕಾಯಿ ಮೂಸಿ, "ಛಲೋ" ಎಂದು ಹಾಡುತ್ತಾರೆ. ಮೊದಮೊದಲು ನಕ್ಕವರು ಈಗ ನಗುವುದಿಲ್ಲ. ರೈತರು ಆ ಛಲೋಕ್ಕಾಗಿ ಕಾಯುತ್ತಾರೆ. ಹಮಾಲರು ಚೀಲ ಎತ್ತುವಾಗ ಅದೇ ರಾಗವನ್ನು ಗುನುಗುತ್ತಾರೆ. ಅದು ದೇಶ ದೇಶಗಳನ್ನು ಸೋಲಿಸಿದ ಹಾಡು ಎಂದು ಅವರಿಗೆ ಯಾರೂ ಹೇಳಿಲ್ಲ.

ಹೋದ ವಾರ ನಾನು ಅಲ್ಲಿದ್ದೆ. ಬೆಳಗಿನ ಹೊತ್ತು. ಅಡುಗೆಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದಳು, ನಾನು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಪಡಸಾಲೆಯಿಂದ ಮಾಮಾನ ದನಿ ಕೇಳಿತು. ಯಾವುದೋ ಶಬ್ದವನ್ನು ಹುಡುಕುತ್ತಿದ್ದರು. ರಾಗ ಒಂದೇ ಕಡೆ ಸುತ್ತುತ್ತಿತ್ತು. ಆಮೇಲೆ ಸಿಕ್ಕಿತು.

"ಗಿರಿಜಾ..."

ರೊಟ್ಟಿಯ ಸಪ್ಪಳ ನಿಂತಿತು. ಆ ಮನೆಯಲ್ಲಿ ಆ ಹೆಸರನ್ನು ಆ ದನಿಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಮದುವೆಯಾದಾಗಿನಿಂದ ಅಕ್ಕ "ಏ ಇಕೀನ" ಆಗಿದ್ದಳು, ಮಗಳು ಹುಟ್ಟಿದ ಮೇಲೆ "ಸುಧಾನ ಅವ್ವಾ" ಆಗಿದ್ದಳು.

ಅಕ್ಕ ಬಾಗಿಲ ಹಿಂದೆ ಹೋಗಿ ನಿಂತು, "ಯಾಕ್ರಿ, ಏನ್ ಬೇಕು?" ಎಂದು ಕೇಳಿದಳು. ಆ ಕಡೆಯಿಂದ ಏನೂ ಬೇಡಿಕೆ ಬರಲಿಲ್ಲ. "ಗಿರಿಜಾ," ಎಂದು ಇನ್ನೊಮ್ಮೆ ಬಂತು, ಅಷ್ಟೇ.

"ನೋಡ ಶಾಂತಾ, ಈ ವಯಸ್ಸಿನ್ಯಾಗ ಹೆಸರ ಹಿಡದು ಕರೀತಾರ," ಎಂದಳು ಅಕ್ಕ ನನ್ನ ಕಡೆ ತಿರುಗಿ. ಹಿಟ್ಟಿನ ಕೈಯಿಂದಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕೆನ್ನೆಗೆ ಬಿಳಿ ಹತ್ತಿತು. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ತಿರುವಿ ಹಾಕಬಹುದಿತ್ತು, ನಾನು ಏಳಲಿಲ್ಲ. ಅಕ್ಕ ಬಾಗಿಲ ಹಿಂದೆ ಹಾಗೇ ನಿಂತಿದ್ದಳು, ಅವರು ಇನ್ನೊಂದು ಸಲ ಕರೆಯಲಿ ಎಂದು.